ನಿಲ್ಲಿಸದ ತಪ್ಪಿಗೆ ನಿಲ್ಲಿಸಿದ ದಂಡ

ವೆಸ್ಟ್ ಆರ್ಲೋದಲ್ಲಿ ವರ್ನಾ ಸ್ಟಾಶಕ್‌ಳ ಹಳದಿ ಬಸ್ಸು ಹತ್ತದೆ ಶಾಲೆ ಮುಗಿಸಿದವರು ಕಡಿಮೆ. ಇಪ್ಪತ್ತಾರು ವರ್ಷ ಒಂದೇ ದಾರಿ, ಅವೇ ಮೂವತ್ತೊಂದು ನಿಲುಗಡೆ. ಮೊದಲ ವರ್ಷಗಳಲ್ಲಿ ಹತ್ತಿದವರ ಮಕ್ಕಳೇ ಈಗ ಹತ್ತುತ್ತಿದ್ದರು. ರಸ್ತೆಯ ಮೇಲೆ ಹಿಮ ಗಾಜಿನಂತೆ ಕಟ್ಟಿದ ದಿನಗಳಲ್ಲೂ ಅವಳ ಬಸ್ಸಿಗೆ ಒಂದು ಗೀರು ಬಿದ್ದದ್ದಿಲ್ಲ. ಬಾಯಿ ಮಾತ್ರ ಜೋರು. ಮಕ್ಕಳು ಹತ್ತಿಳಿಯಲು ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಉಳಿದ ಗಾಡಿಗಳೆಲ್ಲ ನಿಲ್ಲಬೇಕೆಂಬುದು ಅಲ್ಲಿನ ಕಾನೂನು. ಯಾರಾದರೂ ದಾಟಿ ಹೋದರೆ, ಕಿಟಕಿ ಇಳಿಸಿ ಅವರ ಏಳು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದಳು.

ಅಕ್ಟೋಬರಿನ ಒಂದು ಗುರುವಾರ ಸಂಜೆ ಶೆರಿಫ್ ಕಚೇರಿಯ ಪೊಲೀಸನೊಬ್ಬ ಮನೆ ಬಾಗಿಲಿಗೆ ಬಂದು ಚೀಟಿ ಕೊಟ್ಟ. ಹಿಂದಿನ ದಿನ ಮಧ್ಯಾಹ್ನ, ಹೊಳೆಯಂಚಿನ ರಸ್ತೆಯಲ್ಲಿ, ನಿಂತ ಶಾಲಾ ಬಸ್ಸನ್ನು ಅವಳ ಕಾರು ದಾಟಿ ಹೋಗಿದೆ ಎಂದು ಅದರಲ್ಲಿತ್ತು.

ವರ್ನಾ ನಕ್ಕುಬಿಟ್ಟಳು. "ನಾನಾ? ಸ್ಕೂಲ್ ಬಸ್ಸನ್ನಾ? ಯಾರ್ದೋ ನಂಬರು ತಪ್ಪಿ ಬರ್ಕೊಂಡಿದೀರಿ, ನೋಡಿ."

"ನಂಬರು ನಿಮ್ದೇ ಅಮ್ಮಾ. ಹೇಳೋದೇನಿದ್ರೂ ಕೋರ್ಟಲ್ಲಿ ಹೇಳಿ," ಎಂದು ಅವನು ಟೋಪಿ ಮುಟ್ಟಿ ಹೋದ.

ಒಳಗೆ ಗಂಡ ಲೆನ್ ಕೇಳಿಸಿಕೊಳ್ಳುತ್ತಿದ್ದ. ಪಾರ್ಶ್ವವಾಯು ಬಡಿದ ಮೇಲೆ ಅವನ ಎಡಗಣ್ಣಿನ ನೋಟ ಹೋಗಿತ್ತು, ಸ್ಟೀರಿಂಗ್ ಬಿಟ್ಟು ನಾಲ್ಕು ವರ್ಷವಾಗಿತ್ತು. "ನಿನ್ನೆ ಅರ್ಧ ದಿನ ರಜೆ ಹಾಕಿ ನನ್ನ ಮಾತ್ರೆ ತರೋಕೆ ಆ ದಾರೀಲೇ ಹೋಗಿದ್ಯಲ್ಲೇ," ಎಂದ.

ಹೋಗಿದ್ದಳು. ಔಷಧಿ ಅಂಗಡಿಯ ಸಾಲು ನೆನಪಿತ್ತು, ಅಲ್ಲಿದ್ದ ಹೆಂಗಸಿನ ಕೆಮ್ಮು ನೆನಪಿತ್ತು. ದಾರಿ ಮಾತ್ರ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಅಲ್ಲಿ ಬಸ್ಸಿರಲಿಲ್ಲ.

ಆ ತಪ್ಪಿಗೆ ಲೈಸೆನ್ಸಿನ ಮೇಲೆ ಐದು ಪಾಯಿಂಟು. ಉಳಿದವರಿಗೆ ಹನ್ನೊಂದು ತುಂಬಿದರೆ ಲೈಸೆನ್ಸಿಗೆ ಕುತ್ತು, ಮಕ್ಕಳ ಬಸ್ಸು ಓಡಿಸುವವಳಿಗೆ ಈ ಐದೇ ಸಾಕು. ಹತ್ತಿರದ ದಿನಸಿ ಅಂಗಡಿಗೆ ಹದಿನೆಂಟು ಮೈಲಿ, ಆಸ್ಪತ್ರೆಗೆ ನಲವತ್ತು. ಆ ಮನೆಯಲ್ಲಿ ಗಾಡಿ ಓಡಿಸಲು ಇದ್ದವಳು ಅವಳೊಬ್ಬಳೇ.

ಮಂಗಳವಾರ ಸಂಜೆ ಟೌನ್ ಹಾಲಿನಲ್ಲಿ ಕೋರ್ಟು ಸೇರುತ್ತಿತ್ತು. ಮಡಚುವ ಕುರ್ಚಿಗಳಲ್ಲಿ ಊರ ಜನ ಕೈಯಲ್ಲಿ ಚೀಟಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಸರ್ಕಾರಿ ವಕೀಲ ಪಡಸಾಲೆಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಚೌಕಾಸಿ ಮುಗಿಸುತ್ತಿದ್ದ. ವೇಗಕ್ಕೆ ಬಿದ್ದ ಕೇಸು ಒಡೆದ ದೀಪದ ಕೇಸಾಗಿ ಇಳಿಯುತ್ತಿತ್ತು, ಜನ ಬದುಕಿದೆಯಾ ಬಡಜೀವವೇ ಎಂದು ಎದ್ದು ಹೋಗುತ್ತಿದ್ದರು.

ನೀರಿನ ನಲ್ಲಿಯ ಬಳಿ ರೊಂಡಾ ಪೆಲ್ ನಿಂತಿದ್ದಳು. ಮೂರು ವರ್ಷದ ಹಿಂದೆ ವರ್ನಾಳೇ ಪಕ್ಕ ಕೂತು ಬಸ್ಸು ಕಲಿಸಿದ ಹುಡುಗಿ. ಅವಳನ್ನು ಕಂಡದ್ದೇ ವರ್ನಾ ನೇರ ಅವಳ ಬಳಿ ಹೋದಳು.

"ನಿನ್ನ ಬಸ್ಸಾ?"

"ನಿಮ್ಮ ಕಾರು ಅಂತ ಗೊತ್ತಾಗ್ಲಿಲ್ಲ ವರ್ನಾ, ಆಣೆಗೂ. ಹೊಸದು ತಗೊಂಡಿದೀರಿ ಅಂತ ಯಾರಿಗೆ ಗೊತ್ತಿತ್ತು? ಗೊತ್ತಿದ್ರೆ ನಂಬರು ಬರೀತಾನೇ ಇರ್ಲಿಲ್ಲ."

"ಬರೀಲೇಬೇಕು ಕಣೇ. ನಾನೇ ತಾನೆ ಹೇಳ್ಕೊಟ್ಟಿದ್ದು." ಮತ್ತೆ ಕೇಳಿದಳು: "ನಿಜವಾಗ್ಲೂ ದೀಪ ಹತ್ತಿತ್ತಾ?"

ರೊಂಡಾ ನೆಲ ನೋಡಿದಳು. "ಹತ್ತಿತ್ತು. ಮಗು ಇಳಿದಿತ್ತು. ಒಂದು ಕಾಲು ರಸ್ತೆ ಮೇಲಿಟ್ಟಿತ್ತು, ನಾನು ಹಾರನ್ ಹೊಡೆದಿದ್ದಕ್ಕೆ ಹಿಂದಕ್ಕೆ ಹಾರ್ತು."

"ಯಾವ ಮಗು?"

"ನಿಮಗೆ ಕಾಣಿಸ್ಲಿಲ್ವಾ?"

ವರ್ನಾಳಿಗೆ ಮಗು ಕಂಡಿರಲಿಲ್ಲ. ಹಾರನ್ ಕೂಡ ಕೇಳಿಸಿರಲಿಲ್ಲ.

"ಬಿಡಿ, ಏನೂ ಆಗ್ಲಿಲ್ವಲ್ಲ," ರೊಂಡಾ ಅವಳ ತೋಳು ಮುಟ್ಟಿದಳು. "ನಂಬರು ನಾನು ಸರಿಯಾಗಿ ನೋಡಿದ್ನೋ ಇಲ್ವೋ ಗ್ಯಾರಂಟಿ ಇಲ್ಲ ಅಂತ ವಕೀಲರಿಗೆ ಹೇಳಿದೀನಿ. ನೀವು ಬಾಯ್ಮುಚ್ಕೊಂಡಿರಿ, ಅಷ್ಟು ಸಾಕು."

ವಕೀಲ ಕರೆದ. ತಲೆ ಎತ್ತದೆ ಕಡತ ತಿರುವಿದ. "ಬಸ್ ಲೈಸೆನ್ಸ್ ಇರೋರಿಗೆ ಸಾಮಾನ್ಯವಾಗಿ ನಾನು ಕೇಸು ಇಳಿಸೋದಿಲ್ಲ. ಆದ್ರೆ ನಿಮ್ಮ ಹೆಸರಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ, ಸಾಕ್ಷಿನೂ ಗಟ್ಟಿಯಾಗಿಲ್ಲ. ರಸ್ತೆ ಮೇಲೆ ಗಾಡಿ ನಿಲ್ಲಿಸಿದ ತಪ್ಪು ಅಂತ ಬರೀತೀನಿ. ಪಾಯಿಂಟಿಲ್ಲ, ಬರೀ ದಂಡ."

"ನಾನು ನಿಲ್ಲಿಸ್ಲಿಲ್ಲ ಅಂತಲ್ವಾ ಕೇಸು? ಈಗ ನಿಲ್ಲಿಸಿದ್ದೇ ತಪ್ಪು ಅಂತ ಒಪ್ಕೋಬೇಕಾ?"

ಅವನು ಮೊದಲ ಸಲ ಅವಳ ಮುಖ ನೋಡಿದ. "ಅಮ್ಮಾ, ಹಿಂದೆ ಇನ್ನೂ ನಲವತ್ತು ಜನ ಇದಾರೆ. ಬೇಕಾ, ಬೇಡ್ವಾ?"

ಅವಳಿಗೆ ಹದಿನೆಂಟು ಮೈಲಿ ನೆನಪಾಯಿತು. ಕುರ್ಚಿಯಲ್ಲಿ ಕೂತ ಲೆನ್ ನೆನಪಾದ. "ಬೇಕು," ಎಂದಳು.

ಊರವರೇ ಚುನಾಯಿಸಿದ ನ್ಯಾಯಾಧೀಶ ಹಗಲು ಹೊತ್ತು ಟ್ರ್ಯಾಕ್ಟರ್ ಬಿಡಿಭಾಗ ಮಾರುವವನು, ಚಿಕ್ಕಂದಿನಲ್ಲಿ ಅವಳ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಗಲಾಟೆ ಮಾಡುತ್ತಿದ್ದವನು. "ರಸ್ತೆಯಲ್ಲಿ ಗಾಡಿ ನಿಲ್ಲಿಸಿದ್ದನ್ನು ಒಪ್ಕೋತೀರಾ, ಮಿಸೆಸ್ ಸ್ಟಾಶಕ್?" ಎಂದು ಗೌರವದಿಂದಲೇ ಕೇಳಿದ. ಒಪ್ಪಿಕೊಂಡಳು. ಎರಡು ನಿಮಿಷವೂ ಹಿಡಿಯಲಿಲ್ಲ.

"ಗೆದ್ಯಾ?" ಮನೆಯಲ್ಲಿ ಲೆನ್ ಕೇಳಿದ.

"ಗೆದ್ದೆ," ಎಂದು ಹೇಳಿ ಅವಳು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತೇ ಇದ್ದಳು.

ಕಣ್ಣಿನ ಡಾಕ್ಟರು ಕಣ್ಣು ಸರಿಯಾಗಿದೆ ಎಂದರು. ಇನ್ನೊಬ್ಬರು ತಲೆಯ ಚಿತ್ರ ತೆಗೆಸಿ, ವಯಸ್ಸಿಗೆ ತಕ್ಕ ಹಾಗಿದೆ, ಯಾರಿಗಾದರೂ ಒಮ್ಮೊಮ್ಮೆ ಮನಸ್ಸು ಎಲ್ಲೋ ಹೋಗುತ್ತದೆ ಎಂದರು. ರೋಗವಿದೆ ಎಂದಿದ್ದರೆ ಅವಳಿಗೆ ಅಷ್ಟಾದರೂ ಸಮಾಧಾನವಿರುತ್ತಿತ್ತು.

ನವೆಂಬರಿನ ಒಂದು ಬೆಳಿಗ್ಗೆ ಹನ್ನೆರಡನೆಯ ನಿಲುಗಡೆಯಲ್ಲಿ ಮೂವರು ಮಕ್ಕಳು ಹತ್ತಿ ಕೂತರು. ಬಾಗಿಲು ಮುಚ್ಚಿತು. ಅವಳು ಎಡಗನ್ನಡಿ ನೋಡಿದಳು, ಬಲಗನ್ನಡಿ ನೋಡಿದಳು, ಮತ್ತೆ ಎಡಗನ್ನಡಿ ನೋಡಿದಳು. ರಸ್ತೆ ದಾಟುವವರು ಯಾರೂ ಇಲ್ಲ ಎಂದು ಕಣ್ಣು ಹೇಳುತ್ತಿತ್ತು. ಆ ಕಣ್ಣಿನ ಮಾತು ನಂಬುವುದು ಹೇಗೆಂದು ತಿಳಿಯಲಿಲ್ಲ. ಕಾಲು ಬ್ರೇಕಿನಿಂದ ಏಳಲಿಲ್ಲ. ಹಿಂದೆ ಕಾರುಗಳು ಸಾಲುಗಟ್ಟಿದವು.

"ಯಾಕೆ ಹೋಗ್ತಿಲ್ಲ ನಾವು?" ಮುಂದಿನ ಸೀಟಿನ ಹುಡುಗಿ ಕೇಳಿದಳು.

"ಇರಮ್ಮ, ಒಂಚೂರು ನೋಡ್ತಿದೀನಿ."

"ಏನು ನೋಡ್ತಿದೀರಾ? ಯಾರೂ ಇಲ್ಲ."

ವರ್ನಾ ಬಸ್ಸಿನ ರೇಡಿಯೊ ತೆಗೆದು ಡಿಪೋದವರಿಗೆ, ಬೇರೆ ಯಾರನ್ನಾದರೂ ಕಳಿಸಿ ಎಂದಳು. ಇಂಜಿನ್ ಕೆಟ್ಟಿತಾ ಎಂದು ಕೇಳಿದರು. ಇಲ್ಲ, ಬಸ್ಸು ಚೆನ್ನಾಗಿದೆ ಎಂದಳು. ಇಪ್ಪತ್ತು ನಿಮಿಷದ ಮೇಲೆ ಬಂದ ಡ್ರೈವರಿಗೆ ಬೀಗದ ಕೈ ಕೊಟ್ಟು ಇಳಿದಳು. ಮಾರನೆಯ ದಿನ ಕೆಲಸ ಬಿಟ್ಟ ಕಾಗದ ಕಳಿಸಿದಳು. ಸ್ವಂತ ಕಾರನ್ನೂ ಹೊರಗೆ ತೆಗೆಯಲಿಲ್ಲ. ಯಾವ ಗೆರೆಯೂ ಬೀಳದ ಲೈಸೆನ್ಸು ಚೀಲದಲ್ಲೇ ಇತ್ತು.

ಈಗ ಶನಿವಾರಕ್ಕೊಮ್ಮೆ ಚರ್ಚಿನ ಒಬ್ಬರು ದಿನಸಿ ತಂದಿಡುತ್ತಾರೆ. ಲೆನ್‌ನ ಆಸ್ಪತ್ರೆ ದಿನ ಯಾರೂ ಸಿಗದಿದ್ದರೆ ಹೋಗುವುದು ತಪ್ಪುತ್ತದೆ. ಮಾಗಿ ಮುಗಿಯುವುದರೊಳಗೆ ಎರಡು ಸಲ ತಪ್ಪಿತು. ಅವನು ಒಂದು ಮಾತು ಆಡಿದವನಲ್ಲ. ಆಡಿದ್ದರೆ ಅವಳಿಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ರೊಂಡಾ ಒಮ್ಮೆ ಸೇಬಿನ ಪೈ ಹಿಡಿದು ಬಂದಳು. "ನಿಮಗೋಸ್ಕರ ಸುಳ್ಳು ಹೇಳ್ದೆ. ಆದ್ರೂ ಕೆಲಸ ಬಿಟ್ಬಿಟ್ರಲ್ಲ!" ಎಂದು ಸಂಕಟಪಟ್ಟಳು.

"ಆ ಮಗು ಹೆಸರೇನೇ?" ವರ್ನಾ ಕೇಳಿದಳು.

ರೊಂಡಾ ಹೇಳಿದಳು. ಮೇಲಿನ ತೋಟದವರ ಮೊಮ್ಮಗಳು, ಎರಡನೆಯ ತರಗತಿ. ವರ್ನಾ ತಲೆಯಾಡಿಸಿ, ಚಾಕು ತಂದು ಪೈ ಕತ್ತರಿಸಿ, ಮೂರು ತಟ್ಟೆಗೆ ಹಾಕಿದಳು. ತಾನು ತಿನ್ನಲಿಲ್ಲ.