ಚಿಮಿಣಿ ಎಣ್ಣೆಯ ಕುಪ್ಪಿ

ಮಕ್ಕಳೇ, ಸಾವಾದ ಮನೆಗೆ ಹೋದರೆ "ಹೇಗಾಯಿತು?" ಎಂದು ಕೇಳಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಬನ್ನಿ. ನಾನು ಹೀಗೆ ಹೇಳಿದಾಗಲೆಲ್ಲ ನೀವು ನಗುತ್ತೀರಿ, ಅಜ್ಜಿಗೆ ಮಾತೆಂದರೆ ಹೆದರಿಕೆ ಎನ್ನುತ್ತೀರಿ. ಹೆದರಿಕೆ ಹೌದು. ಅದು ಎಲ್ಲಿಂದ ಬಂತೆಂದು ಬಾಯಿಯಲ್ಲಿ ಹೇಳಲು ನನ್ನಿಂದಾಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಹೋದದ್ದು ಯುದ್ಧದ ಕಾಲದಲ್ಲಿ, ಆಷಾಢದ ಮಳೆಯಲ್ಲಿ. ನಮ್ಮ ಮನೆ ಗಂಗೊಳ್ಳಿಯ ಕಡೆ. ಸಂತೆಗೂ ಅಂಚೆ ಕಚೇರಿಗೂ ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರಕ್ಕೆ ಹೋಗಬೇಕು. ಮನೆಯಲ್ಲಿ ಮೂರೇ ಜನ: ಅವರು, ಅವರ ತಾಯಿ, ನಾನು. ನನಗೆ ಹತ್ತೊಂಬತ್ತು ವರ್ಷ. ನಿಮ್ಮ ಅಪ್ಪ ಹೊಟ್ಟೆಯಲ್ಲಿದ್ದ, ಐದು ತಿಂಗಳು.

ಆ ದಿನ ಬೆಳಿಗ್ಗೆ ಮಗು ಮೊದಲ ಸಲ ಮಿಸುಕಿತು. ಬ್ರಹ್ಮಾವರದಲ್ಲಿದ್ದ ನನ್ನ ತಾಯಿಗೆ ಅದನ್ನು ತಿಳಿಸಬೇಕೆಂದು ಆಸೆಯಾಯಿತು. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತವಳು ನಾನು. ಎದುರು ನಿಂತು ಮಾತಾಡಲು ಬಾರದಿದ್ದರೂ ಕಾಗದ ಬರೆಯುತ್ತಿದ್ದೆ. ಆದರೆ ಮನೆಯಲ್ಲಿ ಅಂಚೆ ಕಾರ್ಡು ಮುಗಿದಿತ್ತು.

"ಒಂದ್ ಕಾರ್ಡ್ ತಂದ್ ಕೊಡಿ," ಎಂದೆ.

"ಹೊಳಿ ತುಂಬಿತ್ತ್ ಮಾರಾಯ್ತಿ. ಸಂತಿಗ್ ಹೋಪತಿಗೆ ತತ್ತೆ."

"ಅಷ್ಟ್ ದಿನ ನಂಗ್ ತಡೂದಿಲ್ಲೆ."

"ಕಾರ್ಡ್ ತುಂಬ ನಿಮ್ಮನಿ ದನಕರಿನ ಸುದ್ದಿಯೇ ಕೇಂತೆ. ಅದ್ಕ್ ಇಷ್ಟ್ ಅರ್ಜೆಂಟಾ?" ಎಂದು ನಕ್ಕರು. ಆದರೂ ಕೊಡೆ ಹಿಡಿದು ಹೊರಟರು. ಅತ್ತೆ ಪಕ್ಕದ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದರು. ನಮ್ಮ ಮಾತು ಅವರಿಗೆ ಕೇಳಿದ್ದು ನನಗೆ ಗೊತ್ತಿರಲಿಲ್ಲ.

ಹಿಂದೆ ಬರುವಾಗ ದೋಣಿ ಸೆಳೆತಕ್ಕೆ ಸಿಕ್ಕಿ ಮಗುಚಿತು. ಉಳಿದವರು ಹೇಗೋ ದಡ ಸೇರಿದರು. ಇವರು ಸಿಕ್ಕಿದ್ದು ಮಾರನೆಯ ದಿನ. ಸೊಂಟದಲ್ಲಿದ್ದ ಎಲೆಯಡಿಕೆ ಸಂಚಿಯೊಳಗೆ ಕಾರ್ಡು ಒದ್ದೆಯಾಗಿ ಉಬ್ಬಿಕೊಂಡಿತ್ತು. ಅತ್ತೆ ಅದನ್ನು ಒಲೆಯ ದಂಡೆಯಲ್ಲಿ ಒಣಗಿಸಿ, ನನ್ನ ಪೆಟ್ಟಿಗೆಯಲ್ಲಿ ಸೀರೆಯ ಅಡಿಗೆ ಇಟ್ಟರು.

ಆಮೇಲೆ ಮಾತಾಡಿಸಲು ಜನ ಬರತೊಡಗಿದರು. ಬಂದವರೆಲ್ಲ ಮೊದಲು ಅಳುತ್ತಿದ್ದರು, ಕಣ್ಣೊರಸಿಕೊಂಡು ಮಜ್ಜಿಗೆ ಕುಡಿಯುತ್ತಿದ್ದರು, ಲೋಟ ಕೆಳಗಿಡುತ್ತಲೇ ಕೇಳುತ್ತಿದ್ದರು.

"ಅಂತಾ ನೆರೆಯಂಗೆ ಅಂವ ಎಂತಕ್ಕೆ ಹೋದ್ದ್?"

ಮೊದಲ ದಿನ ಒಬ್ಬ ಮುದುಕಿ ಹೀಗೆ ಕೇಳಿದಾಗ ನನ್ನ ತುಟಿ ಅಲುಗಿತು. ಅಷ್ಟರಲ್ಲಿ ಅತ್ತೆ, "ಚಿಮಿಣಿ ಎಣ್ಣಿ ಮುಗ್ದಿತ್ತ್. ನಾನೇ ಕಳ್ಸದ್ದ್," ಎಂದರು.

ಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದೇ ಕಷ್ಟ. ಎಲ್ಲರೂ ನಂಬಿದರು. ನಾನು ಮಾತ್ರ, ದುಃಖದಲ್ಲಿ ಅತ್ತೆಗೆ ನೆನಪು ತಪ್ಪಿದೆ ಎಂದುಕೊಂಡೆ. ಎಣ್ಣೆಗೆ ಹೋಗುವಾಗ ಒಯ್ಯುವ ಕುಪ್ಪಿ, ಕುತ್ತಿಗೆಗೆ ತೆಂಗಿನ ನಾರಿನ ಹುರಿ ಕಟ್ಟಿದ್ದು, ಯಾವಾಗಲೂ ಅಡುಗೆಮನೆಯ ಕಂಬದ ಮೊಳೆಯಲ್ಲಿ ತೂಗುತ್ತಿತ್ತು. ಆ ದಿನ ನಿಮ್ಮ ಅಜ್ಜ ಅದನ್ನು ಮುಟ್ಟಿಯೇ ಇರಲಿಲ್ಲ. ಒಳಗೆ ಹೋಗಿ ನೋಡಿದೆ. ಮೊಳೆ ಬರಿದಾಗಿತ್ತು. ಮೂರು ದಿನ ಕಳೆದು ಭತ್ತ ತೆಗೆಯಲು ಹೋದಾಗ, ಭತ್ತದ ಪೆಟ್ಟಿಗೆಯ ಹಿಂದೆ ಗೋಣಿಯ ಅಡಿಯಲ್ಲಿ ಕುಪ್ಪಿ ಸಿಕ್ಕಿತು.

"ಅತ್ತೆ, ಎಂತಕೆ ಹಾಂಗ್ ಹೇಳ್ತ್ರಿ?" ಎಂದು ಕೇಳಿದೆ.

"ನೀ ಬಾಯ್ ಮುಚ್ಕಂಡ್ ಕೂಕೋ. ನಂಗ್ ಬೈದ್ರೆ ಎಂತ ಆತ್ತ್? ನಾಕ್ ವರ್ಷ ಬೈತ್ರ್, ನಾ ಸಾಯ್ತೆ. ನೀ ಇನ್ನೂ ಐವತ್ತ್ ವರ್ಷ ಈ ಊರಂಗೆ ಬದ್ಕುಕಿತ್ತ್."

ಇಷ್ಟು ಹೇಳಿ ಗೋಣಿಯನ್ನು ಮತ್ತೆ ಕುಪ್ಪಿಯ ಮೇಲೆ ಎಳೆದರು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದರಲ್ಲಿ ಒಂದು ಸಮಾಧಾನವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಹದಿಮೂರನೆಯ ದಿನದ ಬೊಜ್ಜದ ಊಟಕ್ಕೆ ಬೈಂದೂರಿನಿಂದ ಅತ್ತಿಗೆ ಬಂದರು. ಅವರು ನಿಮ್ಮ ಅಜ್ಜನ ಅಕ್ಕ. ಸುದ್ದಿ ತಡವಾಗಿ ತಲುಪಿದ್ದರಿಂದ ಅವರಿಗೆ ತಮ್ಮನ ಮುಖ ನೋಡಲು ಸಿಕ್ಕಿರಲಿಲ್ಲ. ಎಣ್ಣೆಯ ಕತೆಯನ್ನು ದಾರಿಯಲ್ಲೇ ಯಾರೋ ಹೇಳಿದ್ದರು. ತಾಯಿಯನ್ನು ಕಂಡದ್ದೇ ಅಂಗಳದಲ್ಲೇ ನಿಂತು ಕೂಗಿದರು.

"ಒಂದ್ ಕುಪ್ಪಿ ಎಣ್ಣಿಗೆ ಮಗನ್ನ್ ಕೊಟ್ಯಲೇ ಅಬ್ಬಿ! ನಾಕ್ ದಿನ ಕತ್ಲಂಗೆ ಕೂಕಂಡ್ರೆ ನಿನ್ನ್ ಕಣ್ಣ್ ಹೋತಿತ್ತಾ?"

"ತಪ್ಪಾಯ್ತ್ ಮಗಾ," ಎಂದರು ಅತ್ತೆ.

"ಇನ್ ಈ ಮೆಟ್ಲ್ ಹತ್ತುದಿಲ್ಲೆ ನಾನ್."

ನಾನು ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. 'ಕಳ್ಸದ್ದ್ ನಾನ್' ಎಂದರೆ ಸಾಕಿತ್ತು, ಎರಡೇ ಮಾತು. ಅತ್ತೆ ಒಮ್ಮೆ ನನ್ನ ಕಡೆ ನೋಡಿದರು. ಬೇಡ ಎನ್ನುವ ನೋಟ. ನಾನು ಒಳಗೆ ಹೋಗಿ ಸಾರು ಕದಡಿದೆ. ಅತ್ತಿಗೆ ಎಲೆಯ ಮುಂದೆ ಕೂರದೆ ಹೊರಟುಹೋದರು.

ಚೌತಿಗೂ ಅವರು ಬರಲಿಲ್ಲ. ಅತ್ತೆಗೆ ಆಗ ಉಳಿದಿದ್ದ ಮಗು ಅವರೊಬ್ಬರೇ. ಅತ್ತೆ ಜಗಲಿಯಲ್ಲಿ ಕುಳಿತು ಬೈಂದೂರಿನಿಂದ ಬರುವ ದಾರಿಯನ್ನೇ ನೋಡುತ್ತಿದ್ದರು. ಗಂಜಿ ಅರ್ಧಕ್ಕೆ ಬಿಡುತ್ತಿದ್ದರು. ನವರಾತ್ರಿಯ ಹೊತ್ತಿಗೆ ಜ್ವರ ಹಿಡಿದು ಮಲಗಿದರು. ಜ್ವರದಲ್ಲಿ "ಹೆಣ್ಣ್ ಬಂತಾ?" ಎಂದು ಕೇಳುತ್ತಿದ್ದರು. ಮಗಳ ಮುಖ ನೋಡದೆ ಇವರೂ ಹೋಗುತ್ತಾರೆ ಎಂದು ನನಗೆ ಅನಿಸತೊಡಗಿತು.

ಒಂದು ಮಧ್ಯಾಹ್ನ ಪೆಟ್ಟಿಗೆಯಿಂದ ಆ ಕಾರ್ಡು ತೆಗೆದೆ. ಅದರ ಮೇಲೆ ಶಾಯಿ ಹರಡುತ್ತಿತ್ತು, ಪೆನ್ಸಿಲಿನಲ್ಲಿ ಬರೆದೆ. 'ಅತ್ತಿಗೆಯವರಿಗೆ ನಮಸ್ಕಾರ. ಅವರು ಎಣ್ಣೆಗೆ ಹೋದದ್ದಲ್ಲ. ಅತ್ತೆ ಕಳುಹಿಸಿದ್ದೂ ಅಲ್ಲ. ಈ ಕಾರ್ಡು ತರಲು ನಾನು ಕಳುಹಿಸಿದ್ದು. ಹೊಳೆ ತುಂಬಿದೆ ಎಂದಿದ್ದರು, ನಾನು ಕೇಳಲಿಲ್ಲ. ಅತ್ತೆಗೆ ಜ್ವರ ಜೋರಾಗಿದೆ. ಬನ್ನಿ.'

ಅತ್ತಿಗೆಗೆ ಓದು ಬಾರದು. ಕಾರ್ಡನ್ನು ಯಾರಾದರೂ ಜಗಲಿಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಲಕೋಟೆಯಲ್ಲಿ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಲಕೋಟೆಯಾದರೂ ಓದುವವರು ಬೇರೆಯವರೇ. ಆದರೆ ಅಷ್ಟೆಲ್ಲ ನಾನು ಯೋಚಿಸಿರಲಿಲ್ಲ. ಆ ಕಾರ್ಡಿನಲ್ಲೇ ಬರೆಯಬೇಕೆಂದು ಮಾತ್ರ ಅನಿಸಿತ್ತು.

ಕಾರ್ಡನ್ನು ಅಂಚೆಗೆ ಹಾಕಿಸಿದ ಎಂಟನೆಯ ದಿನ ಅತ್ತಿಗೆ ಬಂದರು. ಕಾಲು ತೊಳೆಯದೆ ಸೀದಾ ಒಳಗೆ ಹೋಗಿ ತಾಯಿಯ ಹಾಸಿಗೆಯ ಪಕ್ಕ ಕುಳಿತರು.

"ಎಂತಕೆ ಸುಳ್ಳ್ ಹೇಳ್ದೆ ಅಬ್ಬಿ? ಮೂರ್ ತಿಂಗ್ಳ್ ನಿಂಗೆ ಶಾಪ ಹಾಕ್ದೆ ನಾನ್."

ಅತ್ತೆ ತಲೆ ಹೊರಳಿಸಿ ನನ್ನನ್ನು ನೋಡಿದರು. "ನೀ ಬರ್ದ್ಯಾ?"

"ಹ್ಞೂಂ."

"ಎಂತ ಮಾಡ್ದೆ ಹೆಣ್ಣೇ. ಬೈಂದೂರಂಗೆ ಓದಿದ್ದ್ ಇಲ್ಲಿಗ್ ಬಪ್ಪುಕೆ ಎಷ್ಟ್ ಹೊತ್ತ್?" ಎಂದು ಕಣ್ಣು ಮುಚ್ಚಿದರು. ಆದರೆ ಮಗಳ ಕೈ ಬಿಡಲಿಲ್ಲ.

ಅತ್ತಿಗೆ ಹತ್ತು ದಿನ ಇದ್ದು ತಾಯಿಯ ಆರೈಕೆ ಮಾಡಿದರು. ಜ್ವರ ಬಿಟ್ಟಿತು. ಹೊರಡುವಾಗ ನನಗೆ ಹೇಳಿದ್ದಿಷ್ಟೆ: "ಬಸ್ರಿ ಹೆಂಗ್ಸಿಗೆ ಬೈಬಾರ್ದ್, ಬೈಯುದಿಲ್ಲೆ. ಆರೆ ನಿನ್ನ್ ಹತ್ರ ನಂಗೆ ಮಾತಿಲ್ಲೆ." ಅವರು ಸಾಯುವವರೆಗೂ ಹಾಗೆಯೇ ನಡೆದುಕೊಂಡರು. ಅವರು ಬಂದಾಗಲೆಲ್ಲ ನಿಮ್ಮ ಅಪ್ಪನನ್ನು ಎತ್ತಿಕೊಳ್ಳುತ್ತಿದ್ದರು, ನನ್ನ ಕೈಯ ನೀರು ಮುಟ್ಟುತ್ತಿರಲಿಲ್ಲ.

ಅತ್ತೆ ಹೇಳಿದಂತೆಯೇ ಆಯಿತು. ಬಾವಿಯ ಕಟ್ಟೆಗೆ ನಾನು ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. "ಕಾರ್ಡಿನ್ ಹೆಣ್ಣ್ ಬಂತ್ ಕಾಣ್," ಎಂದು ಯಾರೋ ಮೆಲ್ಲಗೆ ಹೇಳುತ್ತಿದ್ದರು.

ಅತ್ತಿಗೆ ಹೋದ ಮಾರನೆಯ ಬೆಳಿಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ಎದ್ದರು. ಭತ್ತದ ಪೆಟ್ಟಿಗೆಯ ಹಿಂದಿನಿಂದ ಕುಪ್ಪಿಯನ್ನು ತೆಗೆದು, ಸೆರಗಿನಿಂದ ಧೂಳು ಒರೆಸಿ ನನ್ನ ಕೈಗೆ ಕೊಟ್ಟರು.

"ಇನ್ ಅಡ್ಗ್ಸಿ ಎಂತ ಮಾಡುದ್. ಎಣ್ಣಿ ಈಗ ನಿಜ್ವಾಗಿ ಮುಗ್ದಿತ್ತ್. ಆಚಿಮನಿಯವ ಸಂತಿಗ್ ಹೊರ್ಟಿದ್ದ, ಅವ್ನ್ ಹತ್ರ ಕೊಡ್."

ಕುಪ್ಪಿ ಹಿಡಿದು ಬೇಲಿಯ ಹತ್ತಿರ ಬಹಳ ಹೊತ್ತು ನಿಂತೆ. ಅವನೇ ನನ್ನನ್ನು ಕಂಡು ಹತ್ತಿರ ಬಂದು ಕೈ ಚಾಚಿದ. ನಾನು ತಕ್ಷಣ ಕೊಡಲಿಲ್ಲ. ಹೊಳೆ ಇಳಿದಿದೆಯೇ ಎಂದು ಮೊದಲು ಕೇಳಿದೆ.