ಸಾಕಕ್ಕನ ಕಪ್ಪು ಬೆಲ್ಲ

ನಾನು ಹೇಳುವುದನ್ನು ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟೋಣ. ಹನಕೆರೆ ಕಡೆ ನನ್ನ ಮಾತನ್ನು ಪೂರ್ತಿ ನಂಬಿದವರು ಮೂರೇ ಮಂದಿ. ನಮ್ಮ ಸ್ಟೇಷನ್ನಿನಲ್ಲಿ ಇನ್ನು ಮೇಲೆ ರೈಲು ನಿಲ್ಲುವುದಿಲ್ಲ ಎಂದು ಹೇಳಿ ಆ ಮೂವರನ್ನು ಮದ್ದೂರಿನವರೆಗೆ ನಡೆಸಿದ್ದೇನೆ. ಅವರ ಮುಖ ನೋಡುವ ಆಸೆಗೆ ನಾನೂ ಜೊತೆಯಲ್ಲಿ ನಡೆದೆ. ಅರ್ಧ ದಾರಿಯಲ್ಲಿ ನಾವು ಹತ್ತಬೇಕಾಗಿದ್ದ ರೈಲು ನಮ್ಮ ಪಕ್ಕದಲ್ಲೇ ಕೂಗುತ್ತಾ ಹೋಯಿತು. ಕಾಲಲ್ಲಿ ಬೊಬ್ಬೆ ಎದ್ದದ್ದು ನನಗೊಬ್ಬನಿಗೇ.

ಇರಲಿ. ಮೊನ್ನೆ ಮಂಡ್ಯದ ಅಂಗಡಿಯೊಂದರಲ್ಲಿ ಸೊಸೆ ಬರೆದುಕೊಟ್ಟ ಚೀಟಿ ಹಿಡಿದು ನಿಂತಿದ್ದೆ. ಎದುರಿನ ಹಲಗೆಯ ಮೇಲೆ ಬೆಲ್ಲದ ಪೊಟ್ಟಣಗಳಿದ್ದವು. ಒಂದರ ಮೂಲೆ ಹರಿದಿತ್ತು. ಮೂಗಿಗೆ ಹಿಡಿದರೆ ಕಬ್ಬಿನ ಸಿಪ್ಪೆ ಉರಿದ ಹೊಗೆ, ಸ್ವಲ್ಪ ಸುಣ್ಣ, ಸ್ವಲ್ಪ ಬೆಂಡೆಯ ಲೋಳೆ. ಪೊಟ್ಟಣದ ಮೇಲೆ ಒಂದು ಸಾಲು ಅಚ್ಚಾಗಿತ್ತು: ‘ಮಾಡೋದ ನೋಡಿ, ಆಮೇಲೆ ತಿನ್ನಿ.’ ಅಂಗಡಿಯ ಹುಡುಗಿಗೆ ಅದನ್ನು ತೋರಿಸಿ, ‘ಈ ಮಾತು ನಂದು ಕಣಮ್ಮ’ ಎಂದೆ. ಅವಳು ಪೊಟ್ಟಣ ನೋಡಿದಳು, ನನ್ನ ಹವಾಯಿ ಚಪ್ಪಲಿ ನೋಡಿದಳು, ಬಿಲ್ಲು ಹಾಕಿದಳು.

ಅದು ನನ್ನ ದೊಡ್ಡಪ್ಪನ ಮಗಳು ಸಾಕಕ್ಕನ ಆಲೆಮನೆಯ ಬೆಲ್ಲ. ಆರೇಳು ವರ್ಷದ ಹಿಂದಿನ ಮಾತು. ಊರಿನ ಸಣ್ಣಪುಟ್ಟ ಕಸುಬುಗಳಿಗೆ ನೆರವಾಗುತ್ತೇವೆಂದು ವಿಶ್ವವಿದ್ಯಾಲಯದವರು ಆಗ ನಮ್ಮ ಕಡೆ ಓಡಾಡುತ್ತಿದ್ದರು. ಅವರ ಪೈಕಿ ಶೈಲಜಾ ಎಂಬ ಮೇಡಮ್ಮು ಬಸರಾಳಿನಲ್ಲಿ ಹಪ್ಪಳ ಮಾಡುವ ಹೆಂಗಸರನ್ನು ಮಾತಾಡಿಸಿ, ಬಂಡೂರಿನಲ್ಲಿ ಕುರಿ ಸಾಕುವವರನ್ನು ಮಾತಾಡಿಸಿ, ಕೊನೆಗೆ ಸಾಕಕ್ಕನ ಆಲೆಮನೆಗೆ ಬಂದರು. ಬೆಲ್ಲ ಬೆಳ್ಳಗಾಗಲೆಂದು ಕೊಪ್ಪರಿಗೆಗೆ ಸುರಿಯುತ್ತಿದ್ದ ಪುಡಿಯನ್ನು ಬಿಡಿ ಎಂದರು. ಮುಂಚಿನವರ ಹಾಗೆ ಬೆಂಡೆ ಗಿಡ ಜಜ್ಜಿ ಹಾಕಿ ಕೊಳೆ ತೆಗೆದರೆ ಸಾಕು, ಬಣ್ಣ ಕಪ್ಪಾದರೂ ಕೊಳ್ಳುವವರಿದ್ದಾರೆ ಎಂದರು. ಪಾಕದ ಹದ ನೋಡಲು ಮೊಳದುದ್ದದ ಥರ್ಮಾಮೀಟರ್ ಬೇರೆ ಕೊಟ್ಟರು. ಯಾರೂ ನೋಡದಾಗ ನಾನು ಅದನ್ನು ಕಂಕುಳಿಗೆ ಇಟ್ಟುಕೊಂಡು ನೋಡಿದೆ. ಜ್ವರ ಇರಲಿಲ್ಲ. ಕಂಕುಳು ಮಾತ್ರ ವಾರವೆಲ್ಲ ಅಂಟುತ್ತಿತ್ತು.

ಸಾಕಕ್ಕ ಥರ್ಮಾಮೀಟರನ್ನು ಗೂಟಕ್ಕೆ ನೇತುಹಾಕಿದಳು. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುವ ತನ್ನ ಪದ್ಧತಿಯನ್ನು ಬಿಡಲಿಲ್ಲ. ಪುಡಿಯನ್ನು ಮಾತ್ರ ಬಿಟ್ಟಳು. ಕಷ್ಟ ಶುರುವಾದದ್ದು ಅಲ್ಲಿಂದ. ಮಂಡಿಗೆ ಹೋದ ಕಪ್ಪು ಬೆಲ್ಲ ಹೋದ ಗಾಡಿಯಲ್ಲೇ ವಾಪಸ್ಸು ಬರತೊಡಗಿತು. ಇದನ್ನು ಎಮ್ಮೆಗೆ ಹಾಕು ಎಂದು ಒಬ್ಬ ವ್ಯಾಪಾರಿ ಅಂದನಂತೆ. ಅವತ್ತು ಅವಳು ಊಟ ಮಾಡಲಿಲ್ಲ.

ಮೇಡಮ್ಮು ಕೈಬಿಡಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಮೂವರು ಅಂಗಡಿಯವರನ್ನು ಒಪ್ಪಿಸಿ, ಒಂದು ದಿನ ಆಲೆಮನೆಗೇ ಕರೆತಂದು ರುಚಿ ತೋರಿಸುವುದೆಂದು ಗೊತ್ತುಮಾಡಿದರು. ಹಿಂದಿನ ದಿನ ಸಾಕಕ್ಕ ಒಂದು ಕೊಪ್ಪರಿಗೆ ಬೆಲ್ಲವನ್ನು ಪೂರಾ ಅಚ್ಚಿಗೆ ಹಾಕಿ, ಬಿಳಿ ಪಂಚೆ ಹೊದಿಸಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಸಣ್ಣಗೆ ಹೇಳಿದಳು: ‘ನಾಳಿಕೆ ಇವ್ರೂ ಒಲ್ಲೆ ಅಂದ್ರೆ ಒಲೆ ಹಚ್ಚಾಕಿಲ್ಲ ಕಣ್ಲಾ. ಗಾಣ ಮಾರ್ಬುಟ್ಟು ಸುಮ್ಕೆ ಕುಂತ್ಕತೀನಿ.’

ಇಂಥ ಮಾತು ಕೇಳಿದ ಮೇಲೆ ಯಾರಾದರೂ ತೆಪ್ಪಗಿರುತ್ತಾರೆ. ನಾನು ಟೀ ಅಂಗಡಿಗೆ ಹೋದೆ. ಅಲ್ಲಿ ಕೂತವರು, ಸಾಕಕ್ಕನ ಮನೆಗೆ ಕಾರು ಬರುತ್ತದಂತಲ್ಲ, ಯಾಕೆ ಎಂದು ಕೇಳಿದರು. ನನ್ನ ನಾಲಿಗೆಯ ಮೇಲೆ ನನಗೆ ಹಿಡಿತವಿಲ್ಲ ನೋಡಿ. ‘ಯೂನಿವರ್ಸಿಟಿಯೋರು ಬತ್ತಾವ್ರೆ. ಬೆಲ್ಲ ತಿಂದು ಎಂಗದೆ ಅಂತ ಏಳ್ದೋರ್ಗೆಲ್ಲಾ ಸರ್ಟಿಫಿಕೇಟು ಕೊಡ್ತಾರಂತೆ’ ಎಂದೆ. ನಾಲ್ಕು ಜನ ಬಂದಾರು, ಹಲ್ಲು ಕಿರಿದಾರು, ಅಷ್ಟೇ ನನ್ನ ಲೆಕ್ಕಾಚಾರ.

ಬೆಳಿಗ್ಗೆ ನೋಡಿದರೆ ಊರಿಗೆ ಊರೇ ಬಂದಿತ್ತು. ಪಕ್ಕದೂರಿನವರೂ ಬಂದಿದ್ದರು. ಒಬ್ಬ ಫೋಟೊ ಬೇಕಾಗಬಹುದೆಂದು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಆಧಾರ್ ಕಾರ್ಡನ್ನೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದ.

ಆಲೆಮನೆಯ ರಿವಾಜು ನಿಮಗೆ ಗೊತ್ತೋ ಇಲ್ಲವೋ. ಹಾದಿಹೋಕನಾಗಲಿ, ಆಗದವನಾಗಲಿ, ಒಳಗೆ ಕಾಲಿಟ್ಟವನಿಗೆ ಹಾಲು ಕುಡಿಸಿ ಕೈಗೊಂದು ಬೆಲ್ಲ ಇಟ್ಟೇ ಕಳಿಸಬೇಕು. ಕಬ್ಬಿನ ರಸಕ್ಕೆ ನಾವು ಹಾಲು ಎನ್ನುತ್ತೇವೆ. ಸಾಕಕ್ಕ ಪಂಚೆ ಸರಿಸಿ ಕೊಡುತ್ತಾ ಹೋದಳು. ಮೇಡಮ್ಮು ಗಾಬರಿಯಾಗಿ, ಅಂಗಡಿಯವರಿಗೆ ಸ್ವಲ್ಪವಾದರೂ ಎತ್ತಿಡಿ ಎಂದು ಎರಡು ಸಲ ಬೇಡಿಕೊಂಡರು.

‘ಬಾಗ್ಲಿಗೆ ಬಂದೋರ್ಗೆ ಇಲ್ಲ ಅನ್ನಕ್ಕಾಯ್ತದಾ ಮೇಡಮ್ಮಾ? ನಮ್ಮತ್ತೆ ಕಾಲ್ದಿಂದ ಇಲ್ಲಿ ಯಾರೂ ಬರಿಗೈಲಿ ಓಗಿಲ್ಲ’ ಎಂದಳು ಸಾಕಕ್ಕ. ಮುಂದಿನವನ ಕೈಗೂ ಬೆಲ್ಲ ಇಟ್ಟಳು.

ಹನ್ನೊಂದು ಗಂಟೆಗೆ ಅಂಗಡಿಯವರ ಕಾರು ಬಂದಾಗ ಹಲಗೆಯ ಮೇಲೆ ಪಂಚೆ ಮಾತ್ರ ಇತ್ತು. ಮಳವಳ್ಳಿಯ ಸಾಹುಕಾರರು ಕೈಗಡಿಯಾರ ನೋಡಿಕೊಂಡರು. ಮದ್ದೂರಿನವರು ಕಾರಿನಿಂದ ಇಳಿಯಲೇ ಇಲ್ಲ.

ಆಗ ನಾನು ಮುಂದೆ ಬಂದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದೆ: ‘ಮಾಡಿಟ್ಟಿದ್ದ ಯಾರ್ ಬೇಕಾರೂ ತೋರುಸ್ತಾರೆ ಸಾಮಿ. ಕಬ್ಬದೆ, ಒಲೆ ಅದೆ. ಕುಂತ್ಕಳಿ. ಮಾಡೋದ ನೋಡಿ, ಆಮೇಲೆ ತಿನ್ನಿ.’

ಕೂತರು. ಮದ್ದೂರಿನವರೂ ಕಾರಿನಿಂದ ಇಳಿದು ಬಂದರು. ಗಾಣ ತಿರುಗಿತು, ಕೊಪ್ಪರಿಗೆ ಏರಿತು. ಬೆಂಡೆಯ ಲೋಳೆ ಬಿದ್ದದ್ದೇ ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂತು. ಮಳವಳ್ಳಿಯವರು ಎದ್ದು ಹೋಗಿ ಪುಡಿಯ ಚೀಲವಿದೆಯೇ ಎಂದು ಮೂಲೆಮೂಲೆ ಹುಡುಕಿದರು, ಗೂಟದ ಮೇಲಿನ ಥರ್ಮಾಮೀಟರನ್ನೂ ಮೂಸಿದರು. ಎರಡು ಮೂರು ಗಂಟೆ ಯಾರೂ ಹೊರಡಲಿಲ್ಲ. ಪಾಕ ಹದಕ್ಕೆ ಬಂದಾಗ ಸಾಕಕ್ಕ ಕಬ್ಬಿನ ಜಲ್ಲೆಯ ತುದಿಯನ್ನು ಅದರಲ್ಲಿ ಅದ್ದಿ ಒಬ್ಬೊಬ್ಬರಿಗೂ ಕೊಟ್ಟಳು. ಮಳವಳ್ಳಿಯವರು ತಿಂದು, ಎರಡನೆಯ ಜಲ್ಲೆಗೆ ಕೈಚಾಚಿ, ಇನ್ನು ಮೇಲೆ ವಾರವಾರ ಕಳಿಸಿಕೊಡಿ ಎಂದರು. ಮಂಡ್ಯದವರೂ ಒಪ್ಪಿದರು. ಮದ್ದೂರಿನವರು ಚೆನ್ನಾಗಿದೆ ಎಂದರು, ನಮ್ಮ ಗಿರಾಕಿಗಳಿಗೆ ಬಿಳಿಯೇ ಬೇಕು ಎಂದು ಹೊರಟುಹೋದರು. ಸಾಕಕ್ಕನ ಒಲೆ ಇವತ್ತಿಗೂ ಆರಿಲ್ಲ. ಆ ಮಾತನ್ನು ಪೊಟ್ಟಣದ ಮೇಲೆ ಹಾಕಿಸಿದವರು ಮೇಡಮ್ಮು.

ಪೊಟ್ಟಣ ಹಿಡಿದುಕೊಂಡು ಮೊನ್ನೆ ಸಂಜೆ ಆಲೆಮನೆಗೆ ಹೋದೆ. ಅಂಗಡಿಯ ಹುಡುಗಿಗೆ ಏನು ಹೇಳಿದೆನೆಂದು ಸಾಕಕ್ಕನಿಗೆ ಒಪ್ಪಿಸಿದೆ. ಅವಳು ಕೊಪ್ಪರಿಗೆಯಿಂದ ಕಣ್ಣು ತೆಗೆಯದೆ, ‘ನಂದೇ ಅಂತ ಏಳ್ಕೋ ಬುಡ್ಲಾ. ಊರೋರೆಲ್ಲಾ ಬಂದಿದ್ದೇನೋ ನಿನ್ನಿಂದಾನೇ’ ಎಂದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಪಂಥ ಕಟ್ಟಿದ್ದೇವಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ಟೀ ಅಂಗಡಿಯ ಸರ್ಟಿಫಿಕೇಟು ನಿಜ, ಆಧಾರ್ ಕಾರ್ಡು ನಿಜ, ಕಂಕುಳಿನ ಥರ್ಮಾಮೀಟರೂ ನಿಜ. ಟವೆಲ್ಲು ಕೊಡವಿ ಮುಂದೆ ಬಂದದ್ದೊಂದು ಸುಳ್ಳು. ಆ ಹೊತ್ತಿನಲ್ಲಿ ನಾನು ಒಣಸಿಪ್ಪೆಯ ಬಣವೆಯ ಹಿಂದೆ ಕುಕ್ಕರುಗಾಲಲ್ಲಿ ಅಡಗಿದ್ದೆ. ಆ ಮಾತು ಹೇಳಿದವಳು ಸಾಕಕ್ಕ. ಅಲ್ಲಿಗೂ ಚೆನ್ನಾಗಿ ಕೇಳಿಸಿತು.