ಫುವಾತಿನೊ ಅನುವಾದಿಸಿದ ‘ಬೇಡ’

ಸವಾಯಿ ದ್ವೀಪದ ಆ ಹಳ್ಳಿಯಲ್ಲಿ ಫುವಾತಿನೊಳ ಅಂಗಡಿಗೆ ಬಂದವರಾರೂ ಬೆಲೆ ಹೆಚ್ಚಾಯಿತೆಂದು ಎದುರಿಗೆ ಹೇಳಿದ್ದಿಲ್ಲ. ‘ಚೆನ್ನಾಗಿದೆ, ನಾಳೆ ಒಯ್ತೀನಿ’ ಎನ್ನುತ್ತಾರೆ. ಆ ನಾಳೆ ಬರುವುದಿಲ್ಲ, ಡಬ್ಬಿ ಮೀನು ಕಪಾಟಿನಲ್ಲೇ ಮುದಿಯಾಗುತ್ತದೆ. ವ್ಯಾಪಾರದಲ್ಲೇ ತಲೆ ನರೆಸಿಕೊಂಡ ಫುವಾತಿನೊ, ಹೊಗಳಿ ಹೋದವನನ್ನಲ್ಲ, ತಿರುಗಿ ಬಂದವನನ್ನು ಮಾತ್ರ ಗಿರಾಕಿ ಎಂದು ಕರೆಯುತ್ತಿದ್ದಳು.

ನ್ಯೂಜಿಲೆಂಡಿನ ಡಾಕ್ಟರ್ ಮೆರೆಡಿತ್ ಒಬ್ಬ ನರ್ಸಮ್ಮನೊಂದಿಗೆ ಬಂದು ಊರಲ್ಲಿ ಚಿಕಿತ್ಸೆ ಕೋಣೆ ತೆರೆದು, ಕೆಲವು ವಾರಗಳ ಮೇಲೆ ಸಕ್ಕರೆ ಕಾಯಿಲೆಯ ಹೊಸ ಗುಳಿಗೆಯನ್ನು ಪರೀಕ್ಷಿಸಲು ಹೊರಟಾಗ ದುಭಾಷಿಯಾದವಳೂ ಅವಳೇ. ಹರೆಯದಲ್ಲಿ ಆಕ್ಲೆಂಡಿನ ಬಿಸ್ಕತ್ತು ಕಾರ್ಖಾನೆಯಲ್ಲಿ ದುಡಿದು ಇಂಗ್ಲಿಷ್ ಕಲಿತಿದ್ದಳು. ಸಭಾಮನೆಯಲ್ಲಿ ಡಾಕ್ಟರು ಗುಳಿಗೆಯ ವಿಷಯ ವಿವರಿಸಿ, ‘ಒಪ್ಪಿಗೆಯೇ?’ ಎಂದರು. ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಜೋರಾಗಿ ಒಪ್ಪಿದವನು ಫುವಾತಿನೊಳ ಗಂಡ, ಊರಿನ ಪರವಾಗಿ ಮಾತಾಡುವ ಮುಖಂಡ ತನುವಾಸಾ. ಅದೇ ಕಾಯಿಲೆಯಿಂದ ಹುಣ್ಣಾದ ಕಾಲನ್ನು ಎಳೆದುಕೊಂಡು ಎದ್ದು, ಕೋಲೂರಿ, ಡಾಕ್ಟರನ್ನು ದೋಣಿಗೆ ಒದಗಿ ಬಂದ ಗಾಳಿಗೆ ಹೋಲಿಸಿ ಅಡುಗೆ ಆರುವಷ್ಟು ಹೊತ್ತು ಭಾಷಣ ಮಾಡಿದ.

‘ಎಷ್ಟು ಸಲೀಸಾಗಿ ಒಪ್ಪಿದ್ರು!’ ಎಂದರು ಡಾಕ್ಟರು, ಹೊರಗೆ ಬಂದು.

‘ಒಪ್ಲಿಲ್ಲ ಡಾಕ್ಟ್ರೇ, ಮರ್ಯಾದೆ ಕೊಟ್ರು. ನೀವು ಚಪ್ಪಲಿ ಬೇಯಿಸಿ ಬಡಿಸಿದ್ರೂ ರುಚಿಯಾಗಿದೆ ಅಂತಿದ್ರು.’

ಡಾಕ್ಟರ ಮುಖ ಇಳಿಯಿತು. ‘ಹಾಗಾದ್ರೆ ಹೇಗೆ ಕೇಳ್ಲಿ?’

‘ಕೇಳಿ ಆಯ್ತಲ್ಲ, ಊಟ ಮಾಡಿ ಹೊರಟುಬಿಡಿ. ಮನೆಮನೇಲಿ ಜಗಳ ಆಗ್ಲಿ. ಸೋಮವಾರ ಚಿಕಿತ್ಸೆ ಕೋಣೇಲಿ ಕೂತ್ಕೊಳ್ಳಿ, ಕರೀಬೇಡಿ.’

‘ಸಾಕಷ್ಟು ಜನ ಬರದಿದ್ರೆ?’

‘ಬರೋದಿಲ್ಲ. ಬಂದವರು ಮಾತ್ರ ನಿಜ.’

ಡಾಕ್ಟರು ಸ್ವಲ್ಪ ಯೋಚಿಸಿ, ಆಗಲಿ ಎಂದರು.

ಮನೆಯಲ್ಲಿ ತನುವಾಸಾ ಕೆಂಡವಾಗಿದ್ದ. ‘ಅತಿಥೀನ ಓಡಿಸ್ತಿದ್ದೀಯೇನೇ? ಅವರ ನರ್ಸಮ್ಮ ವಾರವಾರ ನನ್ನ ಕಾಲಿಗೆ ಪಟ್ಟಿ ಕಟ್ತಾಳೆ. ಅವರು ಮುನಿಸ್ಕೊಂಡು ಹೋದ್ರೆ ಯಾರು ಕಟ್ತಾರೆ, ನಿನ್ನ ಡಬ್ಬಿ ಮೀನಾ?’

‘ಆ ಗುಳಿಗೆ ನುಂಗೋಕೆ ನಿಂಗೆ ಮನಸ್ಸಿದೆಯಾ, ಅದನ್ನ ಹೇಳು.’

‘ಹೆದ್ರಿಕೆ ಆಗುತ್ತೆ. ಏನಾಗುತ್ತೋ ಇನ್ನೂ ಗೊತ್ತಿಲ್ಲ ಅಂತ ಅವರೇ ಅಂದ್ರಲ್ಲ.’

‘ಹಾಗಂತ ಅವರಿಗೆ ಹೇಳು.’

‘ಅತಿಥಿಗೆ ನಾನು ಬೇಡ ಅನ್ನೋದಾ? ಅಂಗಳದ ಗೋರೀಲಿ ಮಲಗಿರೋ ನಮ್ಮಪ್ಪ ಎದ್ದು ಬರ್ತಾನೆ!’

ಪಕ್ಕದ ಹಳ್ಳಿಯಲ್ಲಿ ಇಂಥದೇ ಹುಣ್ಣಿಗೆ ಆರೈಕೆ ತಪ್ಪಿ ಒಬ್ಬ ಕಾಲನ್ನೇ ಕಳೆದುಕೊಂಡಿದ್ದ. ಬೇಡ ಎಂದರೆ ಪಟ್ಟಿಯೂ ನಿಲ್ಲಬಹುದು ಎಂಬ ಭಯ ಫುವಾತಿನೊಳಿಗೂ ಇತ್ತು.

ಸೋಮವಾರ ಕೆಲವರು ಬಂದರು, ಹಲವರು ಬರಲಿಲ್ಲ. ಸಭೆಯಲ್ಲಿ ಡಾಕ್ಟರ ಕೈ ಹಿಡಿದು ಕಣ್ಣೀರಿಟ್ಟಿದ್ದ ಬಡಗಿ ಅಂದು ಬೆಳಗಾಗುವ ಮೊದಲೇ ಮೀನಿಗೆ ಹೋಗಿಬಿಟ್ಟಿದ್ದ. ತನುವಾಸಾ ಮಾತ್ರ ಸಭೆಗೆ ಹೊರಟ ಮುಖಂಡನಂತೆ ಎಣ್ಣೆ ಹಚ್ಚಿದ ಮೈಯಲ್ಲಿ, ಕೋಲೂರಿಕೊಂಡು ಬಂದ. ಗಾಳಿ, ದೋಣಿ ಎಂದು ಶುರುಮಾಡಿ, ನಡುವೆ ತಡೆದ.

‘ಕೇಳೇ ಅವರನ್ನ. ನಾನು ಗುಳಿಗೆ ಬೇಡ ಅಂದ್ರೆ, ಪಟ್ಟಿ ಕಟ್ಟೋದು ನಿಲ್ಲಿಸ್ತಾರಾ?’

ಫುವಾತಿನೊ ಹಾಗೆಯೇ ಕೇಳಿದಳು.

‘ಖಂಡಿತ ಇಲ್ಲ,’ ಎಂದರು ಡಾಕ್ಟರು. ‘ಅದೇ ಬೇರೆ, ಇದೇ ಬೇರೆ. ಸಭೇಲಿ ಮೊದಲು ಹೇಳ್ಬೇಕಾಗಿದ್ದ ಮಾತೇ ಇದು. ಹೇಳ್ಲಿಲ್ಲ, ತಪ್ಪು ನಂದು.’

ಉತ್ತರ ಕೇಳಿ ತನುವಾಸಾ ಬೆನ್ನು ನೆಟ್ಟಗೆ ಮಾಡಿದ.

‘ಹಾಗಾದ್ರೆ ಬೇಡ.’

ಪಾದ್ರಿಯ ಬೈಗುಳವನ್ನು ಬುದ್ಧಿಮಾತಾಗಿ, ಅಧಿಕಾರಿಯ ಗದರಿಕೆಯನ್ನು ವಿನಂತಿಯಾಗಿ ಮಾಡಿ ಊರಿಗೆ ದಾಟಿಸಿದವಳು ಫುವಾತಿನೊ. ಇದನ್ನೂ ‘ಆಮೇಲೆ ನೋಡೋಣವಂತೆ’ ಎಂದು ಸವರಿಬಿಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಅವಳು ಸವರಲಿಲ್ಲ. ಗಂಡ ಎಷ್ಟು ಹೇಳಿದ್ದನೋ ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದಳು.

ಡಾಕ್ಟರು ತಲೆಯಾಡಿಸಿ, ತಾವೇ ಸ್ಟೂಲು ಎಳೆದು ನರ್ಸಮ್ಮನನ್ನು ಕರೆದರು. ತನುವಾಸಾ ಅದರ ಮೇಲೆ ಕಾಲಿಟ್ಟು, ಬಾಗಿಲಲ್ಲಿ ಕಾದಿದ್ದವರತ್ತ ತಿರುಗಿದ. ‘ಏನು ನೋಡ್ತೀರಿ? ನಿಮಗೆ ಬೇಕಾದ್ರೆ ಬೇಕು ಅನ್ನಿ, ಬೇಡಾದ್ರೆ ಬೇಡ ಅನ್ನಿ. ಆಕಾಶವೇನೂ ಬೀಳ್ಲಿಲ್ಲ.’

ಪಟ್ಟಿ ಕಟ್ಟಿ ಮುಗಿಯುವವರೆಗೂ ಫುವಾತಿನೊ ಗಂಡನ ಕೋಲನ್ನು ತಾನೇ ಹಿಡಿದು, ಊರಿಗೆಲ್ಲ ಒಡತಿಯೆಂಬಂತೆ ತಲೆಯೆತ್ತಿ ಪಕ್ಕದಲ್ಲಿ ನಿಂತಿದ್ದಳು.